ಮಣ್ಣಿನಡಿ ಉಳಿದ ಗೋಡೆಗಳು: ರೋಮನ್ ಸಾಮ್ರಾಜ್ಯದ ಯೆಹೂದಿ ಮತ್ತು ಕ್ರೈಸ್ತ ಚಿತ್ರಗಳು

ಕ್ರಿ.ಶ. 256ರ ಸುಮಾರಿಗೆ, ಇಂದಿನ ಸಿರಿಯಾದಲ್ಲಿ, ಯೂಫ್ರಟಿಸ್ ನದಿಯ ದಂಡೆಯ ದೂರಾ ಯುರೋಪೋಸ್ ಎಂಬ ಕೋಟೆಯೂರಿನಲ್ಲಿ ಬೀಡುಬಿಟ್ಟಿದ್ದ ರೋಮನ್ ಸೈನಿಕರು ಪರ್ಷಿಯದ ಸಾಸಾನಿಯನ್ ವಂಶದ ದೊರೆ ಮೊದಲನೆಯ ಶಾಪುರನ ಮುತ್ತಿಗೆಯನ್ನು ಎದುರಿಸಲು ಸಿದ್ಧರಾಗುತ್ತಿದ್ದರು. ಊರಿಗೆ ಒಂದು ಕಡೆ ನದಿ, ಎರಡು ಕಡೆ ಆಳವಾದ ಕಮರಿ; ಬಯಲಿಗೆ ತೆರೆದುಕೊಂಡಿದ್ದದ್ದು ಪಡುವಣ ದಿಕ್ಕು ಮಾತ್ರ. ಆ ದಿಕ್ಕಿನ ಕೋಟೆಗೋಡೆಗೆ ಒತ್ತಾಸೆಯಾಗಲೆಂದು ಅದರ ಒಳಮಗ್ಗುಲಿನ ಬೀದಿಯನ್ನೂ ಬೀದಿಬದಿಯ ಕಟ್ಟಡಗಳನ್ನೂ ಮಣ್ಣು ಸುರಿದು ತುಂಬಿಸಿಬಿಟ್ಟರು. ಹೀಗೆ ಮಣ್ಣಿನಡಿ ಸೇರಿದವುಗಳಲ್ಲಿ ಯೆಹೂದಿಗಳ ಸಭಾಮಂದಿರ ಒಂದು, ಕ್ರೈಸ್ತರು ಪ್ರಾರ್ಥನೆಗೆ ಕೂಡುತ್ತಿದ್ದ ಮನೆ ಇನ್ನೊಂದು, ಸೈನಿಕರಿಗೆ ಪ್ರಿಯನಾದ ಮಿತ್ರನೆಂಬ ದೇವನ ಗುಡಿ ಮತ್ತೊಂದು. ಊರು ಉಳಿಯಲಿಲ್ಲ, ಶಾಪುರನ ದಂಡು ಅದನ್ನು ಹಿಡಿಯಿತು, ಜನ ಚದುರಿದರು, ಮರಳು ಕವಿಯಿತು. ಆದರೆ ಮಣ್ಣು ತುಂಬಿದ ಕೋಣೆಗಳ ಗೋಡೆಯ ಮೇಲಿನ ಬಣ್ಣ ಮಾತ್ರ ಗಾಳಿ ಬಿಸಿಲಿಗೆ ಸಿಗದೆ ಹದಿನಾರು ನೂರು ವರ್ಷಗಳಿಗೂ ಹೆಚ್ಚು ಕಾಲ ಉಳಿದುಕೊಂಡಿತು.

1920ರಲ್ಲಿ ಬ್ರಿಟಿಷ್ ಪಡೆಯೊಂದು ಅಲ್ಲಿ ಕಂದಕ ತೋಡುವಾಗ ಚಿತ್ರವಿದ್ದ ಗೋಡೆಯೊಂದು ಕಣ್ಣಿಗೆ ಬಿತ್ತು. ಮುಂದೆ 1928ರಿಂದ 1937ರವರೆಗೆ ಅಮೆರಿಕದ ಯೇಲ್ ವಿಶ್ವವಿದ್ಯಾಲಯವೂ ಫ್ರಾನ್ಸಿನ ಶಾಸನ ಮತ್ತು ಸಾಹಿತ್ಯ ಅಕಾಡೆಮಿಯೂ ಕೂಡಿ ಉತ್ಖನನ ನಡೆಸಿದವು. 1932ನೇ ವರ್ಷವೊಂದರಲ್ಲೇ ಮೊದಲು ಕ್ರೈಸ್ತರ ಮನೆಯ ಚಿತ್ರಗಳು, ಬಳಿಕ ನವೆಂಬರಿನಲ್ಲಿ ಸಭಾಮಂದಿರದ ಚಿತ್ರಗಳು ಬೆಳಕಿಗೆ ಬಂದವು. ಯೆಹೂದಿಗಳು ಚಿತ್ರವನ್ನೇ ಒಲ್ಲದವರೆಂದು, ಕ್ರೈಸ್ತರು ಅನ್ಯಮತದವರ ಸಹವಾಸದಿಂದ ತಡವಾಗಿ ಚಿತ್ರಕ್ಕೆ ಮನಸೋತವರೆಂದು ಅಲ್ಲಿಯವರೆಗೆ ನಂಬಿಕೊಂಡು ಬಂದಿದ್ದ ವಿದ್ವಾಂಸರಿಗೆ, ಬೈಬಲಿನ ಕಥೆಗಳು ಕೋಣೆಯ ನಾಲ್ಕೂ ಗೋಡೆಗಳನ್ನು ಸಾಲುಸಾಲಾಗಿ ತುಂಬಿದ್ದ ಆ ಮಂದಿರವನ್ನು ಏನು ಮಾಡಬೇಕೆಂಬುದೇ ತಿಳಿಯದಾಯಿತು.

ಈ ಉಪನ್ಯಾಸ ಮುಗಿದ ಮೇಲೆ ಸಭೆಯಿಂದ ಬಂದ ಮೊದಲ ಪ್ರಶ್ನೆಯನ್ನು ಬರಹದಲ್ಲಿ ಇಲ್ಲಿಗೇ ತಂದಿದ್ದೇನೆ. ಹತ್ತು ಆಜ್ಞೆಗಳಲ್ಲಿ ವಿಗ್ರಹ ಮಾಡಬಾರದೆಂದು ಅಷ್ಟು ಸ್ಪಷ್ಟವಾಗಿ ಹೇಳಿರುವಾಗ ಇವರು ಚಿತ್ರ ಬರೆಸಿದ್ದು ಹೇಗೆ ಎಂಬುದು ಆ ಪ್ರಶ್ನೆ. ಕಟ್ಟಳೆಯನ್ನು ಮೀರಿದರು ಎಂಬುದು ಸುಲಭದ ಉತ್ತರ, ಆದರೆ ತಪ್ಪು ಉತ್ತರ. ಕಟ್ಟಳೆ ಎಲ್ಲಿಯವರೆಗೆ ಚಾಚುತ್ತದೆ ಎಂಬುದನ್ನು ಆ ಕಾಲದವರು ತಾವೇ ಕೂತು ಚರ್ಚಿಸಿದ್ದರು. ಯೆಹೂದಿ ಕಟ್ಟಳೆಗಳ ಹಳೆಯ ಸಂಗ್ರಹವಾದ ಮಿಷ್ನಾದಲ್ಲಿ ಬರುವ ಒಂದು ಪ್ರಸಂಗ ಹೀಗಿದೆ: ಯೆಹೂದಿ ಧರ್ಮಗುರು ರಬ್ಬಾನ್ ಗಮಲಿಯೇಲರು ಅಕ್ಕೋ ಪಟ್ಟಣದಲ್ಲಿ ಗ್ರೀಕರ ಪ್ರೇಮದೇವತೆ ಅಫ್ರೊಡೈಟಿಯ ಪ್ರತಿಮೆಯಿದ್ದ ಸ್ನಾನಗೃಹದಲ್ಲಿ ಮೀಯುತ್ತಿದ್ದಾಗ ಪ್ರೊಕ್ಲೊಸ್ ಎಂಬ ಗ್ರೀಕನು, ನಿಮ್ಮ ಧರ್ಮದಲ್ಲಿ ನಿಷೇಧವಿರುವಾಗ ಇಲ್ಲೇಕೆ ಮೀಯುತ್ತೀರಿ ಎಂದು ಕೇಳುತ್ತಾನೆ. ಗಮಲಿಯೇಲರ ಉತ್ತರದ ತಿರುಳು ಇಷ್ಟು: ಅವಳ ಜಾಗಕ್ಕೆ ನಾನು ಬಂದಿಲ್ಲ, ನನ್ನ ಜಾಗಕ್ಕೆ ಅವಳು ಬಂದಿದ್ದಾಳೆ, ಅಫ್ರೊಡೈಟಿಗೆ ಒಡವೆಯಾಗಲೆಂದು ಯಾರೂ ಸ್ನಾನಗೃಹ ಕಟ್ಟಿಸುವುದಿಲ್ಲ, ಸ್ನಾನಗೃಹಕ್ಕೆ ಒಡವೆಯಾಗಿ ಅವಳನ್ನು ನಿಲ್ಲಿಸಿದ್ದಾರೆ. ಈ ಮಾತಿನಲ್ಲಿ ಜಾಣತನವಷ್ಟೇ ಅಲ್ಲ, ಒಂದು ಸಿದ್ಧಾಂತವೂ ಇದೆ. ರೂಪದಲ್ಲಿ ದೋಷವಿಲ್ಲ, ಅದರ ಮುಂದೆ ಜನ ಏನು ಮಾಡುತ್ತಾರೆ ಎಂಬುದರಲ್ಲಿ ದೋಷವಿದೆ ಅಥವಾ ಇಲ್ಲ. ಮೂರನೆಯ ಶತಮಾನದಲ್ಲಿ ತಿಬೇರಿಯದಲ್ಲಿದ್ದ ರಬ್ಬಿ ಯೋಹಾನಾನರ ದಿನಗಳಲ್ಲಿ ಜನ ಗೋಡೆಗಳ ಮೇಲೆ ಚಿತ್ರ ಬರೆಯತೊಡಗಿದರು, ಅವರು ತಡೆಯಲಿಲ್ಲ ಎಂದು, ಮಿಷ್ನಾದ ಮೇಲಿನ ಚರ್ಚೆಗಳ ಗ್ರಂಥವಾದ ಜೆರೂಸಲೇಮ್ ತಾಲ್ಮೂದ್ ದಾಖಲಿಸುತ್ತದೆ. ಸಂಭ್ರಮದ ಒಪ್ಪಿಗೆ ಅದರಲ್ಲಿಲ್ಲ, ತಡೆಯಲಿಲ್ಲ, ಅಷ್ಟೇ.

ದೂರಾದ ಸಭಾಮಂದಿರ ಅದೇ ದಿನಗಳದ್ದು. ಚಾವಣಿಯ ಹೆಂಚುಗಳ ಮೇಲಿನ ಅರಾಮಿಕ್ ಬರಹ ಅದರ ಕಾಲವನ್ನು ಕ್ರಿ.ಶ. 244–45 ಎಂದು ನಿಶ್ಚಯಿಸಿಕೊಡುತ್ತದೆ. ಆಗ ಸಮುದಾಯದ ಹಿರಿಯನಾಗಿದ್ದವನು ಸಮುವೇಲ. ಮೊದಲು ಅದು ಸಾಮಾನ್ಯ ವಾಸದ ಮನೆ. ವಿಸ್ತರಿಸಿದ ಮೇಲೆ ಸುಮಾರು 14 ಮೀಟರ್ ಉದ್ದ, 8 ಮೀಟರಿಗಿಂತ ಕಡಿಮೆ ಅಗಲದ ಹಜಾರವಾಯಿತು. ಗೋಡೆಗಳ ಬುಡದಲ್ಲಿ ಸುತ್ತಲೂ ಕೂರುವ ಜಗಲಿ, ಜೆರೂಸಲೇಮಿನ ದಿಕ್ಕಿಗಿದ್ದ ಪಶ್ಚಿಮದ ಗೋಡೆಯಲ್ಲಿ ಧರ್ಮಗ್ರಂಥದ ಸುರುಳಿಯನ್ನಿಡುವ ಗೂಡು. ಗೂಡಿನ ನೆತ್ತಿಯಲ್ಲಿ ದೇವಾಲಯದ ಮುಂಭಾಗ, ಏಳು ಕವಲಿನ ದೀಪಸ್ತಂಭ, ಮಗನನ್ನು ಬಲಿಕೊಡಲು ನಿಂತ ಅಬ್ರಹಾಮ. ಅಬ್ರಹಾಮ ನಮಗೆ ಬೆನ್ನು ಮಾಡಿ ನಿಂತಿದ್ದಾನೆ, ಮುಖ ಕಾಣುವುದಿಲ್ಲ. ಮೇಲೆ ಆಕಾಶದಿಂದ ಒಂದು ಕೈ ಚಾಚಿದೆ. ದೇವರನ್ನು ಇವರು ಎಲ್ಲಿಯೂ ಬರೆಸಲಿಲ್ಲ. ಅವನು ಬರಬೇಕಾದಲ್ಲೆಲ್ಲ ಕೈಯೊಂದೇ ಬರುತ್ತದೆ.

ಈ ಗೋಡೆಯ ಬಲತುದಿಯಲ್ಲಿರುವ ಒಂದು ಚಿತ್ರವನ್ನು ನಿಧಾನವಾಗಿ ನೋಡೋಣ. ಅದು ಮೋಶೆಯ ಶೈಶವದ ಕಥೆ; ಬಲದಿಂದ ಎಡಕ್ಕೆ, ಹೀಬ್ರೂ ಬರಹದ ದಿಕ್ಕಿನಲ್ಲಿ, ಸಾಗುತ್ತದೆ. ಬಲಗಡೆ ಸಿಂಹಾಸನದ ಮೇಲೆ ಈಜಿಪ್ಟಿನ ಅರಸ ಫರೋಹ, ಆದರೆ ತೊಟ್ಟಿರುವುದು ಪರ್ಷಿಯದ ರಾಜವೇಷ. ಅವನ ಮುಂದೆ ಗಂಡುಕೂಸುಗಳನ್ನು ಕೊಲ್ಲಲು ಅಪ್ಪಣೆ ಪಡೆಯುತ್ತಿರುವ ಇಬ್ಬರು ಸೂಲಗಿತ್ತಿಯರು. ಪಕ್ಕದಲ್ಲಿ ಬಾಗಿ ನಿಂತ ತಾಯಿ ಕೂಸನ್ನು ನೀರಿಗೆ ಬಿಡುತ್ತಿದ್ದಾಳೆ. ನಡುವೆ, ನದಿಯಲ್ಲಿ ತೊಡೆಮಟ್ಟ ನೀರಿನಲ್ಲಿ ನಿಂತು, ಬೆತ್ತಲೆ ಹೆಣ್ಣೊಬ್ಬಳು ಕೂಸನ್ನು ಎತ್ತಿ ಹಿಡಿದಿದ್ದಾಳೆ: ಫರೋಹನ ಮಗಳು. ಅವಳ ಬಳಿ ನೀರಿನಲ್ಲಿ ತೇಲುತ್ತಿರುವ ಪೆಟ್ಟಿಗೆ ಬುಟ್ಟಿಯಂತಿಲ್ಲ, ಇಳಿಜಾರು ಮುಚ್ಚಳದ ಪುಟ್ಟ ಶವಪೆಟ್ಟಿಗೆಯಂತಿದೆ. ದಡದಲ್ಲಿ ಪಾತ್ರೆ ಪಡಗ ಹಿಡಿದ ಮೂವರು ಸಖಿಯರು. ಎಡತುದಿಯಲ್ಲಿ ಕೂಸು ಮತ್ತೆ ತನ್ನ ತಾಯಿಯ ಕೈ ಸೇರುತ್ತಿದೆ.

ನೀರಿನಿಂದೇಳುವ ಬೆತ್ತಲೆ ಹೆಣ್ಣು, ಪಾತ್ರೆ ಹಿಡಿದ ಮೂವರು ಸಖಿಯರು ಎಂದೊಡನೆ ಆ ಕಾಲದ ಯಾವ ನೋಡುಗನಿಗಾದರೂ ಅಫ್ರೊಡೈಟಿಯೂ ಜಲದೇವತೆಗಳೂ ನೆನಪಾಗಲೇಬೇಕು. ಚಿತ್ರಗಾರನ ಬಳಿ ಇದ್ದ ಮಾದರಿ ಅದೇ. ಆದರೆ ಅವನನ್ನು ಅಥವಾ ಅವನಿಗೆ ಹೇಳಿಕೊಟ್ಟವರನ್ನು ಮಾದರಿಯ ಗುಲಾಮರೆಂದು ಭಾವಿಸುವಂತಿಲ್ಲ. ಬೈಬಲಿನ ಸಾಮಾನ್ಯ ಓದಿನಲ್ಲಿ ರಾಜಕುಮಾರಿ ತನ್ನ ದಾಸಿಯನ್ನು ಕಳಿಸಿ ಪೆಟ್ಟಿಗೆಯನ್ನು ತರಿಸುತ್ತಾಳೆ. ಆದರೆ ಅಲ್ಲಿನ ಹೀಬ್ರೂ ಪದವನ್ನು ದಾಸಿ ಎಂದೂ ತೋಳು ಎಂದೂ ಓದಬಹುದು, ಮತ್ತು ರಬ್ಬಿಗಳು ಈ ಎರಡು ಓದುಗಳನ್ನಿಟ್ಟುಕೊಂಡು ವಾದಿಸಿದ್ದರು. ದೂರಾದ ಚಿತ್ರದಲ್ಲಿ ರಾಜಕುಮಾರಿಯೇ ನೀರಿಗಿಳಿದಿದ್ದಾಳೆ. ಇನ್ನೊಂದು ಸೂಕ್ಷ್ಮವಿದೆ. ಬಲಗಡೆಯ ಸೂಲಗಿತ್ತಿಯರು ಉಟ್ಟ ಬಟ್ಟೆಯನ್ನೇ ಎಡಗಡೆಯ ತಾಯಿಯೂ ಅಕ್ಕ ಮಿರ್ಯಾಮಳೂ ಉಟ್ಟಿದ್ದಾರೆ. ಆ ಇಬ್ಬರು ಸೂಲಗಿತ್ತಿಯರು ಬೇರೆ ಯಾರೂ ಅಲ್ಲ, ಮೋಶೆಯ ತಾಯಿ ಮತ್ತು ಅಕ್ಕನೇ ಎಂಬ ಯೆಹೂದಿ ಪರಂಪರೆಯ ವ್ಯಾಖ್ಯಾನವನ್ನು ಬಲ್ಲವರಿಗೆ ಈ ಬಟ್ಟೆಯ ಹೊಂದಿಕೆ ಆಕಸ್ಮಿಕವಾಗಿ ಕಾಣುವುದಿಲ್ಲ. ಅಂದರೆ ಮೈಕಟ್ಟು ಅಫ್ರೊಡೈಟಿಯದು, ರಾಜವೇಷ ಪರ್ಷಿಯದ್ದು, ಕಥೆಯ ಒಳಸುಳಿ ಮಾತ್ರ ಪಾಠ ಹೇಳುತ್ತಿದ್ದ ಜಗಲಿಯಿಂದ ಬಂದದ್ದು. ಮೂರೂ ಒಂದೇ ಚೌಕಟ್ಟಿನೊಳಗೆ ಕೂತಿವೆ, ಜಗಳವಿಲ್ಲದೆ.

ಜಗಳ ಬೇಕಾದಾಗ ಅದನ್ನೂ ಬರೆಸಿದರು. ಇಸ್ರಾಯೇಲಿನ ಶತ್ರುಗಳಾದ ಫಿಲಿಷ್ಟಿಯರು ಗೆದ್ದೊಯ್ದ, ಹತ್ತು ಆಜ್ಞೆಗಳ ಕಲ್ಲುಗಳನ್ನಿಟ್ಟಿದ್ದ ಒಡಂಬಡಿಕೆಯ ಮಂಜೂಷದ ಎದುರು ಅವರ ದಾಗೋನ ದೇವತೆ ಬಿದ್ದು ಒಡೆಯುವ ಕಥೆ ಅದೇ ಗೋಡೆಯ ಮೇಲಿದೆ. ಗ್ರಂಥದಲ್ಲಿ ಒಂದೇ ವಿಗ್ರಹ ಎರಡು ಸಲ ಬೀಳುತ್ತದೆ. ಚಿತ್ರದಲ್ಲಿ ಎರಡು ಬಿದ್ದಿವೆ, ಜೊತೆಗೆ ಪೂಜಾಪಾತ್ರೆಗಳೂ ನೆಲದ ತುಂಬ ಚೆಲ್ಲಾಡಿವೆ. ಬಿದ್ದ ಆ ವಿಗ್ರಹಗಳ ಉಡುಗೆ ತೊಡುಗೆ ಹಳೆಯ ಫಿಲಿಷ್ಟಿಯರದ್ದಲ್ಲ, ದೂರಾದ ಗುಡಿಗಳಲ್ಲಿ ಪೂಜೆಗೊಳ್ಳುತ್ತಿದ್ದ ದೇವತೆಗಳದ್ದನ್ನೇ ಹೋಲುತ್ತದೆ. ನೆರೆಯವರ ಗುಡಿಯ ಮುಂದೆ ದಿನವೂ ಹಾದುಹೋಗುವ ಸಣ್ಣ ಸಮುದಾಯವೊಂದು, ತನ್ನ ಹಜಾರದ ಬಾಗಿಲು ಹಾಕಿಕೊಂಡ ಮೇಲೆ, ಗೋಡೆಯ ಮೇಲೆ ಆಡಿಕೊಂಡ ಮಾತು ಇದು ಎಂದು ನನಗನ್ನಿಸುತ್ತದೆ.

ಉತ್ತರದ ಗೋಡೆಯ ಕೆಳಸಾಲಿನಲ್ಲಿ, ಪ್ರವಾದಿ ಯೆಹೆಜ್ಕೇಲ ದರ್ಶನದಲ್ಲಿ ಕಂಡ ಒಣ ಎಲುಬುಗಳ ಕಣಿವೆ ಉದ್ದಕ್ಕೂ ಹರಡಿಕೊಂಡಿದೆ. ಪ್ರವಾದಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತಾನೆ, ಮೊದಲು ಪರ್ಷಿಯದ ಷರಾಯಿ ಅಂಗಿಯಲ್ಲಿ, ಬಳಿಕ ಗ್ರೀಕರ ನಿಲುವಂಗಿಯಲ್ಲಿ. ಆಕಾಶದಿಂದ ದೇವರ ಕೈಯೂ ಮತ್ತೆ ಮತ್ತೆ ಇಳಿಯುತ್ತದೆ. ಸತ್ತು ಬಿದ್ದ ದೇಹಗಳಿಗೆ ಉಸಿರು ತುಂಬಲು ಬರುವವರು ಚಿಟ್ಟೆಯ ರೆಕ್ಕೆಯ ಪುಟ್ಟ ಹೆಣ್ಣುರೂಪಗಳು. ಆತ್ಮವನ್ನು ಗ್ರೀಕರು ಬರೆಯುತ್ತಿದ್ದದ್ದೇ ಹಾಗೆ. ಯೆಹೆಜ್ಕೇಲನ ಗ್ರಂಥದಲ್ಲಿ ನಾಲ್ಕು ದಿಕ್ಕಿನ ಗಾಳಿ ಬೀಸಿ ಬರುತ್ತದೆ. ಗಾಳಿಗೆ ರೂಪ ಕೊಡಬೇಕಾದಾಗ ಚಿತ್ರಗಾರ ಕೈಗೆ ಸಿಕ್ಕ ರೂಪವನ್ನೇ ಕೊಟ್ಟ. ಈ ಚಿತ್ರಗಳನ್ನು ಆಗಲೇ ಜನ ಬಂದು ನೋಡಿ ಹೋಗುತ್ತಿದ್ದರೆಂಬುದಕ್ಕೆ ಸಾಕ್ಷಿಯೂ ಗೋಡೆಯ ಮೇಲಿದೆ: ತಾವು ಬಂದು ಇದನ್ನು ನೋಡಿದೆವೆಂದು ಪರ್ಷಿಯದ ಕಡೆಯವರು ತಮ್ಮ ಭಾಷೆಯಲ್ಲಿ, ಮಸಿಯಿಂದ, ಚಿತ್ರಗಳ ಮೇಲೆಯೇ ಸಣ್ಣದಾಗಿ ಬರೆದು ಹೋಗಿದ್ದಾರೆ. ಎಲ್ಲ ಸೇರಿ ಆ ಹಜಾರ ಜನರ ಕಣ್ಣಿಗೆ ತೆರೆದಿದ್ದದ್ದು ಹತ್ತು ಹನ್ನೆರಡು ವರ್ಷ. ಆ ಗೋಡೆಗಳು ಇಂದು ಡಮಾಸ್ಕಸ್ಸಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿವೆ.

ಅದೇ ಕೋಟೆಗೋಡೆಯ ಬೀದಿಯಲ್ಲಿ ದಕ್ಷಿಣಕ್ಕೆ ನಡೆದು ಊರ ಹೆಬ್ಬಾಗಿಲನ್ನು ದಾಟಿದರೆ ಕ್ರೈಸ್ತರ ಮನೆ. ಅಂಗಳದ ಸುತ್ತ ಕೋಣೆಗಳಿರುವ, ಆ ಊರಿನ ಯಾವ ಮನೆಗೂ ಹೋಲುವ ಮನೆ. ಗಾರೆಯ ಮೇಲೆ ಗೀಚಿದ ಕಾಲಸೂಚನೆ ಕ್ರಿ.ಶ. 232–33ರದ್ದು. ಎರಡು ಕೋಣೆಗಳ ನಡುವಿನ ಗೋಡೆ ಕೆಡವಿ ಸಭೆ ಸೇರಲು ಅಣಿಮಾಡಿಕೊಂಡರು, ಇನ್ನೊಂದು ಸಣ್ಣ ಕೋಣೆಯಲ್ಲಿ ದೀಕ್ಷಾಸ್ನಾನದ ತೊಟ್ಟಿ ಕಟ್ಟಿದರು. ಚಿತ್ರಗಳಿರುವುದು ಈ ಸಣ್ಣ ಕೋಣೆಯಲ್ಲೇ. ತೊಟ್ಟಿಯ ಮೇಲಿನ ಕಮಾನಿನಲ್ಲಿ ಕಡುನೀಲಿ ಆಕಾಶ, ಬಿಳಿ ನಕ್ಷತ್ರ. ಹಿಂದಿನ ಗೋಡೆಯಲ್ಲಿ ಟಗರನ್ನು ಹೆಗಲ ಮೇಲೆ ಹೊತ್ತ ಒಳ್ಳೆಯ ಕುರುಬ, ಅವನ ಕಾಲಬಳಿ ತೀರ ಚಿಕ್ಕದಾಗಿ ಆದಾಮ ಮತ್ತು ಹವ್ವ.

ಸಭಾಮಂದಿರದ ಚಿತ್ರಗಳ ಸಿರಿವಂತಿಕೆ ಇಲ್ಲಿಲ್ಲ. ಅವಸರದ, ಕಡಿಮೆ ಖರ್ಚಿನ ಕೆಲಸ. ಆದರೂ ಉತ್ತರದ ಗೋಡೆಯ ಮೇಲ್ಸಾಲಿನ ಒಂದು ಚಿತ್ರ ಮರೆಯುವಂಥದ್ದಲ್ಲ. ಪಾರ್ಶ್ವವಾಯು ಬಡಿದವನು ಹೊರಸಿನ ಮೇಲೆ ಮಲಗಿದ್ದಾನೆ. ಮೇಲೆ ಗಡ್ಡವಿಲ್ಲದ, ಗಿಡ್ಡ ಕೂದಲಿನ ಯುವಕನೊಬ್ಬ ಅವನತ್ತ ಕೈ ಚಾಚಿದ್ದಾನೆ. ಪಕ್ಕದಲ್ಲೇ ಅದೇ ರೋಗಿ ಎದ್ದು, ಹೊರಸನ್ನು ಬೆನ್ನಿಗೇರಿಸಿಕೊಂಡು ನಡೆದಿದ್ದಾನೆ, ಹೊರಸಿನ ಹೆಣಿಗೆಯ ಗೆರೆಗಳು ಎಣಿಸುವಷ್ಟು ಸ್ಪಷ್ಟ. ಆ ಯುವಕ ಕ್ರಿಸ್ತ. ಕಾಲ ಖಚಿತವಾಗಿ ಗೊತ್ತಿರುವ ಕ್ರಿಸ್ತನ ಚಿತ್ರಗಳಲ್ಲಿ ಇದು ಅತ್ಯಂತ ಹಳೆಯವುಗಳ ಸಾಲಿನದ್ದು. ತಲೆಯ ಹಿಂದೆ ಪ್ರಭೆಯಿಲ್ಲ, ಸಿಂಹಾಸನವಿಲ್ಲ. ಹೊರಸು ಹೊತ್ತವನು ಪಕ್ಕದಲ್ಲಿರದಿದ್ದರೆ ಇವನು ಯಾರೆಂದು ಗುರುತಿಸುವ ದಾರಿಯೇ ಇಲ್ಲ. ಇಲ್ಲಿ ಕ್ರಿಸ್ತನನ್ನು ತೋರಿಸುವುದು ಅವನ ಮುಖವಲ್ಲ, ಅವನು ಮಾಡಿದ ಕೆಲಸ. ಕೆಳಸಾಲಿನಲ್ಲಿ ಪಂಜು ಹಿಡಿದು ದೊಡ್ಡ ಬಿಳಿಯ ರಚನೆಯೊಂದರತ್ತ ಸಾಗುವ ಹೆಂಗಸರ ಬಗ್ಗೆ ಪಂಡಿತರಲ್ಲಿ ಒಮ್ಮತವಿಲ್ಲ. ಕ್ರಿಸ್ತನ ಸಮಾಧಿಗೆ ಬಂದ ಸ್ತ್ರೀಯರೆಂಬುದು ಹಳೆಯ ಓದು, ಮದುಮಗನನ್ನು ಎದುರುಗೊಳ್ಳಲು ಹೊರಟ ಕನ್ಯೆಯರೆಂಬುದು ಇತ್ತೀಚಿನದು. ದೀಕ್ಷಾಸ್ನಾನವನ್ನು ಕ್ರಿಸ್ತನೊಡನೆ ಹೂಳಲ್ಪಡುವುದೆಂದೇ ಪೌಲನು ರೋಮಿನವರಿಗೆ ಬರೆದಿರುವುದರಿಂದ, ತೊಟ್ಟಿಯಿರುವ ಕೋಣೆಗೆ ಸಮಾಧಿಯ ಓದೇ ಹೊಂದುತ್ತದೆಂದು ನನ್ನ ಒಲವು. ಈ ಚಿತ್ರಗಳಲ್ಲಿ ಹಲವನ್ನು ಗೋಡೆಯಿಂದ ಬಿಡಿಸಿ ಯೇಲ್‌ಗೆ ಒಯ್ದರು.

ರೋಮ್ ನಗರಕ್ಕೆ ಬಂದರೆ ಚಿತ್ರಗಳ ಜಾಗ ಬದಲಾಗುತ್ತದೆ. ಉಳಿದಿರುವುದು ಹೆಚ್ಚಾಗಿ ಸಾವಿನ ಸುತ್ತಲಿನದ್ದು. ಊರ ಹೊರಗಿನ ಮೆದುಗಲ್ಲನ್ನು ಕೊರೆದು ಮಾಡಿದ ಭೂಗತ ಸಮಾಧಿಗಳಲ್ಲಿ, ಕಲಿಸ್ಟಸ್ ಮತ್ತು ಪ್ರಿಸ್ಕಿಲ್ಲಾ ಹೆಸರಿನವುಗಳಲ್ಲಿ, ಮೂರನೆಯ ಶತಮಾನದಿಂದ ಮತ್ತೆ ಮತ್ತೆ ಬರುವವರು ಸಿಂಹಗಳ ನಡುವೆ ದಾನಿಯೇಲ, ಪೆಟ್ಟಿಗೆಯಂಥ ನಾವೆಯಲ್ಲಿ ನೋಹ, ಬೆಂಕಿಯ ಕುಲುಮೆಯಲ್ಲಿ ಮೂವರು ತರುಣರು, ಎಲ್ಲರಿಗಿಂತ ಹೆಚ್ಚಾಗಿ ದೊಡ್ಡ ಮೀನಿನ ಹೊಟ್ಟೆಯಿಂದ ಹೊರಬಂದ ಯೋನ. ಎಲ್ಲರೂ ಸಾವಿನ ಬಾಯಿಂದ ಪಾರಾದವರು ಎಂಬುದು ಸ್ಪಷ್ಟ. ಆದರೆ ಕಲಾವಿದನ ಕಣ್ಣಿನಿಂದ ನೋಡಿದರೆ ಯೋನನ ಆಕರ್ಷಣೆಗೆ ಇನ್ನೊಂದು ಕಾರಣವೂ ಕಾಣುತ್ತದೆ. ಸೋರೆಬಳ್ಳಿಯ ಕೆಳಗೆ ತಲೆಗೆ ತೋಳು ಕೊಟ್ಟು ಬೆತ್ತಲೆ ಮಲಗಿದ ಯೋನನನ್ನು ಹೊಸದಾಗಿ ಕಲ್ಪಿಸಿಕೊಳ್ಳಬೇಕಿರಲಿಲ್ಲ. ಚಂದ್ರದೇವತೆ ಮೋಹಿಸಿದ, ಎಂದೆಂದಿಗೂ ನಿದ್ರಿಸುವ ಎಂಡಿಮಿಯೋನನನ್ನು ಶವಪೆಟ್ಟಿಗೆಗಳ ಮೇಲೆ ಕೆತ್ತಿ ಕೆತ್ತಿ ಶಿಲ್ಪಿಗಳ ಕೈ ಪಳಗಿತ್ತು.

ರೋಮಿನ ಸಾಂತಾ ಮರಿಯಾ ಆಂಟಿಕ್ವಾ ಚರ್ಚಿನಲ್ಲಿರುವ, ಕ್ರಿ.ಶ. 270ರ ಆಸುಪಾಸಿನ ಅಮೃತಶಿಲೆಯ ಶವಪೆಟ್ಟಿಗೆಯ ಮೇಲೆ ಈ ಯೋನನಿದ್ದಾನೆ, ಕುರುಬನಿದ್ದಾನೆ, ದೀಕ್ಷಾಸ್ನಾನವಿದೆ. ನಡುವೆ ಸುರುಳಿ ಹಿಡಿದು ಓದುತ್ತ ಕೂತ ತತ್ತ್ವಜ್ಞಾನಿ, ಅವನ ಎದುರು ಕೈಗಳನ್ನೆತ್ತಿ ಪ್ರಾರ್ಥಿಸುವ ಹೆಂಗಸು. ಇವರಿಬ್ಬರ ಮುಖಗಳನ್ನು ಮಾತ್ರ ಕೆತ್ತದೆ ಒರಟಾಗಿ ಬಿಟ್ಟಿದ್ದಾರೆ. ಕೊಳ್ಳುವವರು ಬಂದ ಮೇಲೆ ಸತ್ತವರ ಹೋಲಿಕೆ ಕೊಟ್ಟು ಮುಗಿಸಲೆಂದು ಬಿಟ್ಟ ಮುಖಗಳವು. ಆ ಕೆಲಸ ಆಗಲೇ ಇಲ್ಲ. ಮಿಕ್ಕೆಲ್ಲವೂ ಅಂಗಡಿಯಲ್ಲಿ ಮುಂಚಿತವಾಗಿ ತಯಾರಾಗಿದ್ದವು ಎಂಬುದನ್ನು ಆ ಖಾಲಿ ಮುಖಗಳು ಯಾವ ಶಾಸನಕ್ಕಿಂತ ಚೆನ್ನಾಗಿ ಹೇಳುತ್ತವೆ. ಯೆಹೂದಿಗಳೂ ಇಂಥ ಅಂಗಡಿಗಳಿಗೇ ಹೋಗುತ್ತಿದ್ದರು. ರೋಮಿನಲ್ಲೇ ಸಿಕ್ಕಿರುವ ಇನ್ನೊಂದು ಶವಪೆಟ್ಟಿಗೆಯ ತುಂಡಿನಲ್ಲಿ ರೆಕ್ಕೆಯ ಇಬ್ಬರು ವಿಜಯದೇವತೆಯರು ದುಂಡು ಫಲಕವೊಂದನ್ನು ಎತ್ತಿ ಹಿಡಿದಿದ್ದಾರೆ, ಪಕ್ಕದಲ್ಲಿ ಋತುಗಳ ಮೂರ್ತಿಗಳು, ಕೆಳಗೆ ದ್ರಾಕ್ಷಿ ತುಳಿಯುವ ಮಕ್ಕಳು. ರೋಮನ್ ಗಿರಾಕಿಯಾಗಿದ್ದರೆ ಆ ಫಲಕದೊಳಗೆ ಸತ್ತವರ ಮುಖ ಬರಬೇಕಿತ್ತು. ಇಲ್ಲಿ ಏಳು ಕವಲಿನ ದೀಪಸ್ತಂಭ ಬಂದಿದೆ.

ಹೀಗೆ ಇರುವುದರಲ್ಲೇ ಆರಿಸಿಕೊಳ್ಳುವುದನ್ನು ಕ್ರೈಸ್ತ ಗುರುಗಳೂ ಒಪ್ಪಿದ್ದರು. ಮುದ್ರೆಯುಂಗುರದ ಮೇಲೆ ಪಾರಿವಾಳ, ಮೀನು, ಹಡಗು, ವೀಣೆ, ಲಂಗರು ಇರಲಿ, ವಿಗ್ರಹದ ಮುಖ, ಕತ್ತಿ, ಕುಡಿಯುವ ಬಟ್ಟಲು ಬೇಡ ಎಂದು ಅಲೆಕ್ಸಾಂಡ್ರಿಯದ ಕ್ಲೆಮೆಂಟ್ ತನ್ನ ಓದುಗರಿಗೆ ಸಲಹೆ ಕೊಡುತ್ತಾನೆ. ಪೇಟೆಯಲ್ಲಿ ಸಿಗುವ ಉಂಗುರಗಳಲ್ಲಿ ಯಾವುದನ್ನು ಕೊಳ್ಳಬೇಕೆಂಬ ಮಾತದು. ಎಲ್ಲರೂ ಇಷ್ಟು ಸಲೀಸಾಗಿರಲಿಲ್ಲ. ನಾಲ್ಕನೆಯ ಶತಮಾನದ ಆರಂಭದಲ್ಲಿ ಸ್ಪೇನಿನ ಎಲ್ವಿರಾದಲ್ಲಿ ಕೂಡಿದ ಧರ್ಮಸಭೆ, ಆರಾಧಿಸುವುದನ್ನು ಗೋಡೆಯ ಮೇಲೆ ಬರೆಯುವಂತಾಗಬಾರದೆಂದು ಚರ್ಚುಗಳಲ್ಲಿ ಚಿತ್ರವನ್ನೇ ನಿಷೇಧಿಸಿತು. ನಿಷೇಧಿಸಬೇಕಾಗಿ ಬಂತೆಂದರೆ ಬರೆಯುತ್ತಿದ್ದರು ಎಂದೇ ಅರ್ಥ.

ಚಿತ್ರಗಳು ಕಣ್ಣಲ್ಲಿ ಎಷ್ಟು ಆಳಕ್ಕೆ ಇಳಿದಿದ್ದವು ಎಂಬುದಕ್ಕೆ ಒಂದು ಪ್ರಸಂಗ ಹೇಳದೆ ಮುಂದೆ ಹೋಗಲಾರೆ. ಕ್ರೈಸ್ತ ವಿದ್ವಾಂಸ ಜೆರೋಮನು ಬೈಬಲನ್ನು ಹೀಬ್ರೂವಿನಿಂದ ಲ್ಯಾಟಿನ್ನಿಗೆ ಮಾಡಿದ ಹೊಸ ಅನುವಾದದಲ್ಲಿ ಯೋನನ ತಲೆಯ ಮೇಲಿನ ಸೋರೆಬಳ್ಳಿ ಐವಿ ಬಳ್ಳಿಯಾಯಿತು. ಉತ್ತರ ಆಫ್ರಿಕದ ಓಯಾ ಪಟ್ಟಣದ ಬಿಷಪ್ಪರು ಅದನ್ನು ಸಭೆಯಲ್ಲಿ ಓದಿಸಿದ್ದೇ ತಡ, ಜನ ದೊಡ್ಡ ಗಲಾಟೆ ಎಬ್ಬಿಸಿದರು. ಬಿಷಪ್ಪರು ಊರ ಯೆಹೂದಿಗಳ ಹತ್ತಿರ ಹೋಗಿ ಮೂಲದ ಪದ ಯಾವುದೆಂದು ವಿಚಾರಿಸಬೇಕಾಯಿತು. 403ರಲ್ಲಿ ಜೆರೋಮನಿಗೆ ಬರೆದ ಪತ್ರದಲ್ಲಿ ಉತ್ತರ ಆಫ್ರಿಕದ ಇನ್ನೊಬ್ಬ ಬಿಷಪ್ ಅಗಸ್ಟೀನನು ಇದನ್ನು ವಿವರಿಸುತ್ತ, ಆ ಪದ ಎಲ್ಲರ ಇಂದ್ರಿಯಗಳಲ್ಲೂ ನೆನಪಿನಲ್ಲೂ ಬೇರೂರಿದ್ದಿತೆನ್ನುತ್ತಾನೆ. ಇಂದ್ರಿಯಗಳಲ್ಲೂ ಎಂದದ್ದನ್ನು ಗಮನಿಸಬೇಕು. ಕಿವಿಯಿಂದ ಕೇಳಿದ್ದು ಸರಿಯೇ, ಆದರೆ ಸಮಾಧಿಯ ಗೋಡೆಗಳಲ್ಲಿ ಆ ಸೋರೆಕಾಯಿಗಳನ್ನು ತಲೆಮಾರುಗಳಿಂದ ಕಂಡವರೂ ಅವರೇ.

ಯೆಹೂದಿಗಳ ಕಡೆಯ ಕಥೆ ದೂರಾದೊಂದಿಗೆ ಮುಗಿಯಲಿಲ್ಲ. ಗೋಡೆಯಿಂದ ನೆಲಕ್ಕೆ ಇಳಿಯಿತು. ನಾಲ್ಕನೆಯ ಶತಮಾನದಿಂದ ಆರನೆಯ ಶತಮಾನದವರೆಗೆ, ಸಾಮ್ರಾಜ್ಯ ಕ್ರೈಸ್ತರ ಕೈಗೆ ಹೋದ ಮೇಲೆ, ಗಲಿಲಾಯದ ಸುತ್ತಮುತ್ತ ಸಭಾಮಂದಿರಗಳ ನೆಲದ ಮೇಲೆ ಬಣ್ಣಗಲ್ಲಿನ ಮೊಸಾಯಿಕ್ ಹಾಸುಗಳು ಹರಡಿದವು. ತಿಬೇರಿಯದ ಹಮ್ಮತ್‌ನಲ್ಲಿ ರಾಶಿಚಕ್ರದ ನಡುವೆ ರಥವೇರಿದ ಸೂರ್ಯದೇವ ಹೀಲಿಯೋಸನೇ ಕೂತಿದ್ದಾನೆ, ಅದೂ ಯೆಹೂದಿ ಸಮುದಾಯದ ಮುಖಂಡರಾದ ಪಿತೃಪ್ರಧಾನರ ಆಪ್ತನೊಬ್ಬನು ಮಾಡಿಸಿದ ನೆಲದಲ್ಲಿ. ಐದನೆಯ ಶತಮಾನದಲ್ಲಿ ಸೆಫೋರಿಸ್‌ನವರು ರಥವನ್ನು ಇಟ್ಟುಕೊಂಡು ದೇವನ ಬದಲು ಕಿರಣಗಳ ಬಿಂಬವನ್ನಷ್ಟೇ ಕೂರಿಸಿದರು. ಒಂದೇ ಧರ್ಮದೊಳಗೆ, ಪಕ್ಕದ ಊರುಗಳ ನಡುವೆ, ಅಳುಕಿನ ಅಳತೆ ಬೇರೆಯಾಗಿತ್ತು. 1928ರಲ್ಲಿ ನೀರಿನ ಕಾಲುವೆ ತೋಡುತ್ತಿದ್ದ ಹೆಫ್ಜಿಬಾ ಕಿಬ್ಬುಟ್ಜ್ ಎಂಬ ಸಾಮೂಹಿಕ ಕೃಷಿ ನೆಲೆಯವರಿಗೆ ಸಿಕ್ಕ ಬೇತ್ ಆಲ್ಫಾದ ನೆಲವನ್ನು ಮರಿಯಾನೊಸ್ ಮತ್ತವನ ಮಗ ಅನಿನಾಸ್ ಹಾಸಿದರೆಂದು ಗ್ರೀಕ್ ಬರಹ ತಿಳಿಸುತ್ತದೆ. ಅಪ್ಪ ಮಗನ ಹೆಸರು ಬೇತ್ ಶೆಯಾನ್‌ನ ಇನ್ನೊಂದು ಮಂದಿರದಲ್ಲೂ ಸಿಕ್ಕಿದೆ. ಅದು ಯೆಹೂದಿಗಳಿಂದ ಬೇರೆಯಾಗಿ ಮೋಶೆಯ ಗ್ರಂಥಗಳನ್ನು ಅನುಸರಿಸುತ್ತಿದ್ದ ಸಮಾರ್ಯದವರದ್ದೆಂದು ಹೆಚ್ಚಿನವರ ಅಭಿಪ್ರಾಯ. ಯೆಹೂದಿಗಳಿಗೂ ಸಮಾರ್ಯದವರಿಗೂ ಹೊಕ್ಕು ಬಳಕೆಯಿಲ್ಲದಿದ್ದರೂ ಮೊಸಾಯಿಕ್ಕಿನವನಿಗೆ ಎರಡೂ ಕಡೆ ಕೆಲಸವಿತ್ತು.

ಗಾಜಾದಲ್ಲಿ 1960ರ ದಶಕದಲ್ಲಿ ಸಿಕ್ಕ 508–09ರ ನೆಲವೊಂದರಲ್ಲಿ ವೀಣೆ ನುಡಿಸುತ್ತ ಕೂತವನ ಸುತ್ತ ಮೃಗಗಳು ತಲೆಬಾಗಿ ನಿಂತಿವೆ. ರೂಪ ಪೂರಾ ಆರ್ಫಿಯಸನದು. ಮೊದಲು ಕಂಡವರು ಇದು ಚರ್ಚಿನ ನೆಲ, ಕೂತವಳು ಒಬ್ಬ ಸಂತ ಸ್ತ್ರೀ ಎಂದುಕೊಂಡರು. ತಲೆಯ ಬಳಿ ಹೀಬ್ರೂ ಅಕ್ಷರಗಳಲ್ಲಿ ದಾವೀದ ಎಂದು ಬರೆದಿದೆ. ಒಂದೇ ರೂಪ ಗ್ರೀಕರ ಗಾಯಕನಾಗಿ, ರೋಮಿನ ಭೂಗತ ಸಮಾಧಿಗಳಲ್ಲಿ ಕ್ರಿಸ್ತನ ಸಂಕೇತವಾಗಿ, ಗಾಜಾದಲ್ಲಿ ಇಸ್ರಾಯೇಲಿನ ಅರಸನಾಗಿ ಮೂರು ಬಾಳು ಬಾಳಿತು, ಮತ್ತು ಮೂರನೆಯದನ್ನು ನಿರ್ಧರಿಸಿದ್ದು ನಾಲ್ಕೈದು ಅಕ್ಷರಗಳು.

ಅಕ್ಷರಗಳ ಈ ಬಲ ಕೊನೆಯ ಘಟ್ಟದಲ್ಲಿ ಇನ್ನೂ ವಿಚಿತ್ರವಾಗಿ ಕಾಣುತ್ತದೆ. ಯೆರಿಕೋ ಬಳಿಯ ನಾಅರಾನ್ ಸಭಾಮಂದಿರದ ನೆಲವನ್ನು 1918ರಲ್ಲಿ ಫಿರಂಗಿಯ ಗುಂಡೊಂದು ಸಿಡಿದು ಹೊರತಂದಿತು. ಅಲ್ಲೂ ರಾಶಿಚಕ್ರವಿತ್ತು, ಸಿಂಹಗಳ ನಡುವೆ ದಾನಿಯೇಲನಿದ್ದ. ಆದರೆ ಯಾವುದೋ ಕಾಲದಲ್ಲಿ, ಮಂದಿರ ಬಳಕೆಯಲ್ಲಿರುವಾಗಲೇ, ಮನುಷ್ಯರ ಮತ್ತು ಪ್ರಾಣಿಗಳ ರೂಪಗಳನ್ನು ಹುಡುಕಿ ಹುಡುಕಿ ಕಿತ್ತುಹಾಕಿದ್ದಾರೆ. ಅಕ್ಷರವನ್ನು ಮುಟ್ಟಿಲ್ಲ. ಎಂಟನೆಯ ಶತಮಾನದಲ್ಲಿ ಜೋರ್ಡಾನಿನ ಉಮ್ ಅಲ್ ರಸಾಸ್‌ನ ಸಂತ ಸ್ತೇಫನನ ಚರ್ಚಿನಲ್ಲಿ ಕ್ರೈಸ್ತರೂ ಹೀಗೆಯೇ ಮಾಡಿದರು: ದಾನಿಗಳ, ಪ್ರಾಣಿಗಳ ರೂಪವಿದ್ದಲ್ಲಿ ಕಲ್ಲಿನ ತುಣುಕುಗಳನ್ನು ಕಿತ್ತು, ಅವನ್ನೇ ಗುರುತು ಸಿಗದಂತೆ ಕಲಸಿ ಮತ್ತೆ ಕೂರಿಸಿದರು, ಊರುಗಳ ಹೆಸರುಗಳನ್ನು ಹಾಗೆಯೇ ಬಿಟ್ಟರು. ನಾಅರಾನಿನ ನೆಲದ ಮೇಲೆ ದಾನಿಯೇಲನಿದ್ದ ಜಾಗ ಬೋಳಾಗಿದೆ, ಪಕ್ಕದಲ್ಲಿ ಅವನ ಹೆಸರು ಮತ್ತು ಶಾಂತಿಯ ಹಾರೈಕೆ, ಈ ಎರಡು ಹೀಬ್ರೂ ಪದಗಳು ಇಂದಿಗೂ ಓದಲು ಸಿಗುತ್ತವೆ: ದಾನಿಯೇಲ, ಶಾಲೋಮ್.